ಗುಲಂದಿಯಿಂದ ಕ್ಯಾಪಿಬಾರಾವರೆಗೆ: ದಂಶಕಗಳ ಹೆಸರಿನಲ್ಲಿ ಉಳಿದ ನೆಲದ ನುಡಿ

ದೇಸೂರ (ಬೆಳಗಾವಿ): ಬೆಳಗಾವಿ–ಖಾನಾಪುರ ರೈಲು ಮಾರ್ಗದಲ್ಲಿರುವ ದೇಸೂರ ಸುತ್ತಮುತ್ತಲಿನ ಭತ್ತದ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಬದುಗಳ ಮೇಲೆ ಹೊಸ ಮಣ್ಣಿನ ಗುಡ್ಡೆಗಳು ಕಾಣಿಸಿಕೊಳ್ಳುತ್ತವೆ. ಅದನ್ನು ತೋಡಿದ ಪ್ರಾಣಿ ಯಾವುದು ಎಂದು ಕೇಳಿದರೆ ಕನ್ನಡ ಮಾತನಾಡುವವರು ಇಲಿ ಅಥವಾ ಹೆಗ್ಗಣ ಎನ್ನುತ್ತಾರೆ. ಮರಾಠಿ ಮಾತನಾಡುವವರು ಉಂದೀರ ಅಥವಾ ಘೂಸ ಎನ್ನುತ್ತಾರೆ. ಸಾಮಾನ್ಯವಾಗಿ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ.

ಸುಮಾರು ಎರಡು ಶತಮಾನಗಳ ಹಿಂದೆ ಇದೇ ಸೀಮೆಯಲ್ಲಿ ಈ ವಿಚಾರಣೆ ಇಷ್ಟು ಬೇಗ ಮುಗಿಯುತ್ತಿರಲಿಲ್ಲ. ಕಪ್ಪುಮಣ್ಣಿನ ಬಿರುಕಿನಲ್ಲಿರುವ ಇಲಿಗೆ ಒಂದು ಹೆಸರು, ಕೆಂಪು ಗರಸು ನೆಲದ ಇಲಿಗೆ ಇನ್ನೊಂದು, ಪೊದೆಯ ಬುಡದಲ್ಲಿ ಗೂಡು ಕಟ್ಟುವುದಕ್ಕೆ ಮತ್ತೊಂದು, ಕಾಳು ಕೂಡಿಡುವುದಕ್ಕೆ ಮಗದೊಂದು ಹೆಸರಿತ್ತು. ಅವುಗಳಲ್ಲಿ ಕೆಲವು ಹೆಸರುಗಳು 1837ರಲ್ಲಿ ಲಂಡನ್ನಿನಲ್ಲಿ ಲ್ಯಾಟಿನ್ ವೇಷ ತೊಟ್ಟು ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಸೇರಿದವು. ಜಗತ್ತಿನ ವಿಜ್ಞಾನಿಗಳು ಇಂದಿಗೂ ಅವನ್ನು ಬಳಸುತ್ತಾರೆ. ಹುಟ್ಟಿದ ನೆಲದಲ್ಲಿ ಮಾತ್ರ ಅವುಗಳನ್ನು ಕೇಳಿದವರು ವಿರಳ.

ಈ ಕಥೆ ಬೆಳಗಾವಿ–ಧಾರವಾಡ ಸೀಮೆಯದು ಮಾತ್ರವಲ್ಲ. ಸಾವಿರಾರು ಮೈಲಿ ದೂರದ ದಕ್ಷಿಣ ಅಮೆರಿಕದ ಕ್ಯಾಪಿಬಾರಾ, ಅಗೂಟಿ, ಪಾಕಾ, ಕೊಯ್ಪು, ಡೇಗು ಮುಂತಾದ ಪ್ರಾಣಿಗಳ ಹೆಸರುಗಳೂ ಅಲ್ಲಿನ ಕಾಡು, ಹುಲ್ಲುಗಾವಲು ಬಲ್ಲ ಜನರ ನುಡಿಯಿಂದಲೇ ಬಂದವು. ಎರಡೂ ಖಂಡಗಳ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಸರು ಎಂಬುದು ಬರೀ ಗುರುತಿನ ಚೀಟಿಯಲ್ಲ, ಅದು ಒಂದು ಜನಸಮುದಾಯದ ತಿಳಿವಳಿಕೆಯ ದಾಖಲೆ ಎಂಬುದು ಮನದಟ್ಟಾಗುತ್ತದೆ.

ದಂಶಕ ಎಂದರೆ ಯಾರು?

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಇವೆಲ್ಲ ಒಂದೇ ಗಣಕ್ಕೆ ಸೇರಿದ ಪ್ರಾಣಿಗಳು. ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ ಬಾಚಿಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುವುದು ಈ ಗಣದ ಲಕ್ಷಣ. ಬೆಳೆಯುವ ಹಲ್ಲನ್ನು ಸವೆಸಲು ಇವು ಸದಾ ಏನನ್ನಾದರೂ ಕಡಿಯುತ್ತಿರಬೇಕು. ಕನ್ನಡದ ಪಠ್ಯಪುಸ್ತಕಗಳು ಇವುಗಳಿಗೆ 'ದಂಶಕ' ಎಂಬ ಸಂಸ್ಕೃತ ಮೂಲದ ಪದ ಬಳಸುತ್ತವೆ. ಅದರ ಅರ್ಥ ಕಚ್ಚುವಂಥದು ಎಂದು. ಇಂಗ್ಲಿಷಿನ 'ರೋಡೆಂಟ್' ಪದದ ಲ್ಯಾಟಿನ್ ಮೂಲಕ್ಕೂ ಕಡಿಯುವುದು, ಕೊರೆಯುವುದು ಎಂಬ ಅರ್ಥವೇ ಇದೆ.

ಅಚ್ಚಗನ್ನಡದ 'ಇಲಿ' ಬಹು ಹಳೆಯ ದ್ರಾವಿಡ ಪದ. ತಮಿಳು, ಮಲಯಾಳ ಮತ್ತು ತುಳುವಿನಲ್ಲಿ ಅದು 'ಎಲಿ', ತೆಲುಗಿನಲ್ಲಿ 'ಎಲುಕ'. ಸಂಸ್ಕೃತದ 'ಮೂಷಿಕ' ಬೇರೆ ಬಳಗದ್ದು. ಕದಿಯುವುದು ಎಂಬರ್ಥದ 'ಮುಷ್' ಧಾತುವಿನೊಂದಿಗೆ ಅದನ್ನು ಸೇರಿಸಿ ಹೇಳುವುದು ಸಾಂಪ್ರದಾಯಿಕ ವಿವರಣೆ. ಲ್ಯಾಟಿನ್ನಿನ 'ಮಸ್', ಇಂಗ್ಲಿಷಿನ 'ಮೌಸ್' ಅದರ ದೂರದ ನೆಂಟರು. ಹೀಗಾಗಿ ಗಣಪತಿಯ ವಾಹನದ ಹೆಸರೂ ಪ್ರಯೋಗಶಾಲೆಯ ಇಲಿಯ ಕುಲನಾಮವೂ ಒಂದೇ ಬೇರಿನವು.

ಹೆಸರು ನಂಬಿ ಮೋಸ ಹೋಗುವ ಸಂದರ್ಭಗಳೂ ಉಂಟು. ಮನೆಯ ಮೋರಿಯಲ್ಲಿ ಚಿರಗುಟ್ಟುತ್ತ ಓಡುವ ಉದ್ದ ಮೂತಿಯ ಸೊಂಡಿಲಿ ಇಲಿಯೇ ಅಲ್ಲ. ಅದು ಹುಳುಹುಪ್ಪಟೆ ತಿನ್ನುವ ಬೇರೆ ಗಣದ ಪ್ರಾಣಿ. ಹಂದಿಯ ಹೆಸರು ಹೊತ್ತ ಮುಳ್ಳುಹಂದಿಯಾದರೋ ಅಪ್ಪಟ ದಂಶಕ. ಖಾನಾಪುರ ತಾಲ್ಲೂಕಿನ ಭೀಮಗಡ ಅರಣ್ಯವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಅಲ್ಲಿನ ಎತ್ತರದ ಮರಗಳಲ್ಲಿ ವಾಸಿಸುವ, ಕೆಂಪು ಮೈಯ ದೊಡ್ಡ ಅಳಿಲೂ ದಂಶಕವೇ. ಕನ್ನಡದಲ್ಲಿ ಅದನ್ನು ಬಣ್ಣ ನೋಡಿ ಕೆಂದಳಿಲು ಎಂದರೆ, ಮರಾಠಿಯಲ್ಲಿ ಶೇಕರು ಎನ್ನುತ್ತಾರೆ.

ಹಂದಿಯಲ್ಲದ ಹಂದಿಗಳು

ದಂಶಕಗಳಿಗೆ ಹೆಸರಿಡುವಾಗ ಜಗತ್ತಿನ ಹಲವು ಭಾಷೆಗಳಿಗೆ ಹಂದಿಯೇ ನೆನಪಾಗಿರುವುದು ಕುತೂಹಲದ ಸಂಗತಿ. ಮುಳ್ಳುಹಂದಿಯ ಇಂಗ್ಲಿಷ್ ಹೆಸರು 'ಪಾರ್ಕ್ಯುಪೈನ್' ಕೂಡ ಲ್ಯಾಟಿನ್ನಿನ ಹಂದಿ ಮತ್ತು ಮುಳ್ಳು ಎಂಬ ಎರಡು ಪದಗಳಿಂದ ಬಂದದ್ದು. ಒಬ್ಬರನ್ನು ನೋಡಿ ಇನ್ನೊಬ್ಬರು ಇಟ್ಟದ್ದಲ್ಲ. ಎರಡು ಭಾಷೆಗಳಿಗೆ ಒಂದೇ ಹೋಲಿಕೆ ಹೊಳೆದಿದೆ.

ಇಂಗ್ಲಿಷಿನ 'ಬ್ಯಾಂಡಿಕೂಟ್' ಪದವಂತೂ ನೇರವಾಗಿ ತೆಲುಗಿನ ಕೊಡುಗೆ. ಹೆಗ್ಗಣಕ್ಕೆ ತೆಲುಗಿನಲ್ಲಿ 'ಪಂದಿಕೊಕ್ಕು' ಎಂಬ ಹೆಸರಿದೆ. ಪಂದಿ ಎಂದರೆ ಹಂದಿ, ಕೊಕ್ಕು ಎಂದರೆ ಇಲಿ. ಹಳಗನ್ನಡದಲ್ಲಿಯೂ ಹಂದಿ 'ಪಂದಿ'ಯೇ ಆಗಿತ್ತು; ಮುಂದೆ ಕನ್ನಡದ ಪಕಾರ ಹಕಾರವಾಗಿ 'ಹಂದಿ' ಎಂದಾಯಿತು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ನಿಘಂಟು ಈ ವ್ಯುತ್ಪತ್ತಿಯನ್ನು ದಾಖಲಿಸಿದೆ. ಇಂಗ್ಲಿಷರು ಈ ಹೆಸರನ್ನು ಆಸ್ಟ್ರೇಲಿಯಕ್ಕೂ ಒಯ್ದು, ಅಲ್ಲಿನ ಹೊಟ್ಟೆಚೀಲದ ಪ್ರಾಣಿಯೊಂದಕ್ಕೆ ಅಂಟಿಸಿದರು. ಆ ಪ್ರಾಣಿಗೂ ನಮ್ಮ ಹೆಗ್ಗಣಕ್ಕೂ ಯಾವ ರಕ್ತಸಂಬಂಧವೂ ಇಲ್ಲ.

ದಕ್ಷಿಣ ಅಮೆರಿಕದ ಅತಿ ಪ್ರಸಿದ್ಧ ದಂಶಕವಾದ ಗಿನಿಪಿಗ್‌ನ ಹೆಸರಿನಲ್ಲಿರುವ ಎರಡು ಪದಗಳೂ ತಪ್ಪು ದಾರಿ ತೋರಿಸುವಂಥವು. ಅದು ಆಫ್ರಿಕದ ಗಿನಿಯದಲ್ಲ, ಹಂದಿಯೂ ಅಲ್ಲ. ಆಂಡಿಸ್ ಪರ್ವತ ಸೀಮೆಯ ಜನರು ಮಾಂಸಕ್ಕಾಗಿ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ ಪ್ರಾಣಿ ಅದು. ಜರ್ಮನ್ನರು ಅದನ್ನು 'ಕಡಲ ಹಂದಿಮರಿ' ಎಂದರು, ಫ್ರೆಂಚರು 'ಇಂಡಿಯದ ಹಂದಿ' ಎಂದರು. ಲಿನೇಯಸ್ 1758ರಲ್ಲಿ ಕೊಟ್ಟ ಪ್ರಭೇದನಾಮ 'ಪೋರ್ಸೆಲಸ್' ಎಂದರೂ ಹಂದಿಮರಿ ಎಂದೇ ಅರ್ಥ. ಇಷ್ಟೆಲ್ಲ ಹಂದಿಗಳ ನಡುವೆ ಆ ಪ್ರಾಣಿಯನ್ನು ಸಾಕಿದ ಕೆಚುವಾ ಭಾಷಿಕರು ಮಾತ್ರ ಅದರ ಕೂಗನ್ನೇ ಅನುಕರಿಸುವ 'ಕುಯ್' ಎಂಬ ಪುಟ್ಟ ಹೆಸರಿಟ್ಟುಕೊಂಡಿದ್ದರು. ಪೆರು ದೇಶದ ಅಡುಗೆಮನೆಗಳಲ್ಲಿ ಇಂದಿಗೂ ಅದೇ ಹೆಸರು.

ಹುಲ್ಲು ತಿನ್ನುವವನೇ ಕ್ಯಾಪಿಬಾರಾ

ಇತ್ತೀಚಿನ ವರ್ಷಗಳಲ್ಲಿ ಮಕ್ಕಳ ಚೀಲ, ಬೊಂಬೆ, ಮೊಬೈಲ್ ವಿಡಿಯೊಗಳ ಮೂಲಕ ನಮ್ಮ ನಗರಗಳಿಗೂ ಪರಿಚಿತವಾದ ಪ್ರಾಣಿ ಕ್ಯಾಪಿಬಾರಾ. ಐವತ್ತು ಕಿಲೋಗಿಂತ ಹೆಚ್ಚು ತೂಗಬಲ್ಲ ಇದು ಜಗತ್ತಿನ ಅತಿ ದೊಡ್ಡ ದಂಶಕ. ಯುರೋಪಿನ ಪಂಡಿತರು ಇದಕ್ಕೂ ಗ್ರೀಕ್ ಭಾಷೆಯಲ್ಲಿ 'ನೀರುಹಂದಿ' ಎಂಬರ್ಥದ 'ಹೈಡ್ರೋಕೀರಸ್' ಎಂಬ ಹೆಸರನ್ನೇ ಕೊಟ್ಟರು. ಆದರೆ ಬ್ರೆಜಿಲ್ ಕರಾವಳಿಯ ಟೂಪಿ ಜನರಿಗೆ ಅದು ಹಂದಿಯಾಗಿ ಕಾಣಲಿಲ್ಲ. ಎಲೆ ಅಥವಾ ಹುಲ್ಲು, ತೆಳು, ತಿನ್ನು ಎಂಬ ಅರ್ಥದ ತುಣುಕುಗಳನ್ನು ಜೋಡಿಸಿ 'ತೆಳು ಹುಲ್ಲು ತಿನ್ನುವಂಥದು' ಎಂದು ಅವರು ಕರೆದರು. ಪೋರ್ಚುಗೀಸರ ಬಾಯಲ್ಲಿ ಅದೇ ಕ್ಯಾಪಿಬಾರಾ ಆಯಿತು. ಗ್ರೀಕ್ ಹೆಸರು ಪ್ರಾಣಿಯ ಆಕಾರವನ್ನು ಹೇಳಿದರೆ ಟೂಪಿ ಹೆಸರು ಅದರ ಆಹಾರವನ್ನು ಹೇಳುತ್ತದೆ. ಆಕಾರವನ್ನು ದೂರದಿಂದಲೂ ಕಾಣಬಹುದು. ಆಹಾರ ತಿಳಿಯಲು ಹೊಳೆಯ ದಂಡೆಯಲ್ಲಿ ಕಾದು ಕೂರಬೇಕು.

ಅಗೂಟಿ ಮತ್ತು ಪಾಕಾ ಕೂಡ ಟೂಪಿ ಮೂಲದ ಹೆಸರುಗಳೇ. ಬ್ರೆಜಿಲ್ ನಟ್ ಮರದ ಗಟ್ಟಿ ಕಾಯಿಯನ್ನು ಕಡಿದು ತೆರೆಯಬಲ್ಲ ಕೆಲವೇ ಪ್ರಾಣಿಗಳಲ್ಲಿ ಅಗೂಟಿಯೂ ಒಂದು. ತಿಂದು ಮಿಕ್ಕ ಬೀಜಗಳನ್ನು ಅದು ನೆಲದಲ್ಲಿ ಹೂತಿಟ್ಟು ಮರೆಯುತ್ತದೆ. ಮರೆತ ಬೀಜ ಮರವಾಗುತ್ತದೆ. ಆಂಡಿಸ್‌ನ ಕಲ್ಲುಬಂಡೆಗಳ ನಡುವೆ ಮೊಲದಂತೆ ಕುಪ್ಪಳಿಸುವ ವಿಸ್ಕಾಚಾ ಕೆಚುವಾ ಪದ. ನೆಲದೊಳಗಿನಿಂದ ಬರುವ ಕೂಗನ್ನೇ ಹೆಸರಾಗಿ ಪಡೆದದ್ದು ಟುಕೋ-ಟುಕೋ. ನಮ್ಮಲ್ಲಿ ಕಾಗೆ, ಗೂಗೆಗಳಿಗೆ ಕೂಗೇ ಹೆಸರಾದಂತೆ ಇದು.

ಚಿಲಿ ದೇಶದ ಮಾಪುಚೆ ಜನರ ನುಡಿಯಿಂದ ಕೊಯ್ಪು ಮತ್ತು ಡೇಗು ಬಂದವು. ಇವೆರಡನ್ನೂ ವಿಜ್ಞಾನಕ್ಕೆ ಪರಿಚಯಿಸಿದವರು ಚಿಲಿಯಲ್ಲೇ ಹುಟ್ಟಿದ ಜೆಸ್ಯೂಟ್ ಪಾದ್ರಿ ಹ್ವಾನ್ ಇಗ್ನಾಸಿಯೊ ಮೊಲೀನಾ. 1767ರಲ್ಲಿ ಸ್ಪೇನ್ ದೊರೆತನ ಜೆಸ್ಯೂಟರನ್ನು ತನ್ನ ಸೀಮೆಗಳಿಂದ ಹೊರದೂಡಿದ ನಂತರ ಅವರು ಇಟಲಿಯ ಬೊಲೊನ್ಯಾ ನಗರದಲ್ಲಿ ನೆಲೆಸಿದರು. ತೊರೆದು ಬಂದ ನಾಡಿನ ನಿಸರ್ಗ ಚರಿತ್ರೆಯನ್ನು 1782ರಲ್ಲಿ ಅಲ್ಲಿಂದಲೇ ಪ್ರಕಟಿಸಿದರು. ಪ್ರಾಣಿಗಳಿಗೆ ಲ್ಯಾಟಿನ್ ಹೆಸರು ಕೊಡುವಾಗಲೂ ಅವರು ಬಾಲ್ಯದಲ್ಲಿ ಕಿವಿಗೆ ಬಿದ್ದ ಮಾಪುಚೆ ಹೆಸರುಗಳನ್ನು ಬಿಡಲಿಲ್ಲ. ಕೊಯ್ಪುವನ್ನು ಸ್ಪೇನಿನವರು ನೀರುನಾಯಿ ಎಂಬರ್ಥದ 'ನ್ಯೂಟ್ರಿಯಾ' ಎಂದು ತಪ್ಪಾಗಿ ಕರೆದರು. ಅದರ ಕುಲನಾಮಕ್ಕೆ 'ಇಲಿ-ಬೀವರ್' ಎಂದು ಅರ್ಥ. ಮೂರು ಹೆಸರುಗಳಲ್ಲಿ ಪ್ರಾಣಿಯನ್ನು ಪ್ರಾಣಿಯಾಗಿಯೇ ಗುರುತಿಸಿದ್ದು ಮಾಪುಚೆ ಹೆಸರೊಂದೇ.

ಕಿತ್ತೂರಿನ ಸೆರೆಯಾಳು

ಮೊಲೀನಾ ಚಿಲಿಗೆ ಮಾಡಿದ ಕೆಲಸವನ್ನು ಬೆಳಗಾವಿ–ಧಾರವಾಡ ಸೀಮೆಗೆ ಮಾಡಿದವರು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಅವರು 1821ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗಾಗಿ ಮದ್ರಾಸಿಗೆ ಬಂದರು. ಅಲ್ಲಿಂದ, ಧಾರವಾಡ ಕೇಂದ್ರವಾಗಿದ್ದ 'ದಕ್ಷಿಣ ಮರಾಠಾ ಪ್ರಾಂತ'ಕ್ಕೆ ನಿಯುಕ್ತರಾದರು. ಇಂದಿನ ಬೆಳಗಾವಿ ಜಿಲ್ಲೆ ಆಗ ಅದರ ಭಾಗವೇ ಆಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ.

ನಾಡಿನ ಇತಿಹಾಸ ಬಲ್ಲವರಿಗೆ ಎಲಿಯಟ್ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಪಡೆ ಕಂಪನಿಯ ಸೈನ್ಯವನ್ನು ಸೋಲಿಸಿ, ಕಲೆಕ್ಟರ್ ಥ್ಯಾಕರೆ ಹತನಾದಾಗ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು, ಸ್ಟೀವನ್‌ಸನ್ ಇನ್ನೊಬ್ಬರು. ಕೆಲವು ವಾರಗಳ ನಂತರ ಇಬ್ಬರನ್ನೂ ಜೀವಂತವಾಗಿ ಬಿಡುಗಡೆ ಮಾಡಲಾಯಿತು. ಆಮೇಲೂ ಎಲಿಯಟ್ ಈ ಸೀಮೆಯಲ್ಲೇ 1833ರವರೆಗೆ ಉಳಿದರು. ಊರೂರಿನ ಶಾಸನಗಳ ಪ್ರತಿ ಮಾಡಿಸಿದರು. ಅದರೊಂದಿಗೆ ಹಕ್ಕಿ, ಪ್ರಾಣಿಗಳ ಮಾದರಿಗಳನ್ನೂ ಸಂಗ್ರಹಿಸಿದರು.

ಅವರು ಸಿದ್ಧಪಡಿಸಿದ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿ 1839ರಲ್ಲಿ 'ಮದ್ರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಬಳಕೆಯಲ್ಲಿದ್ದ ದೇಶಭಾಷೆಗಳ ಸಮಾನ ಹೆಸರುಗಳನ್ನೂ ಕೊಡಲಾಗಿದೆ ಎಂಬುದು ಆ ಪಟ್ಟಿಯ ಶೀರ್ಷಿಕೆಯಲ್ಲೇ ಇದೆ. ಇಲಿಗಳ ವಿಷಯಕ್ಕೆ ಬಂದಾಗ ಎಲಿಯಟ್ ಎರಡು ನುಡಿಗಳನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಒಂದು ಕನ್ನಡ, ಇನ್ನೊಂದು ವಡ್ಡರ ಭಾಷೆ.

ಇಂದು ಭೋವಿ ಎಂದೂ ಗುರುತಿಸಿಕೊಳ್ಳುವ ವಡ್ಡರು ಕೆರೆ ತೋಡುವ, ಕಲ್ಲು ಒಡೆಯುವ, ಒಡ್ಡು ಕಟ್ಟುವ ಶ್ರಮಿಕ ಸಮುದಾಯ. ಮಣ್ಣುವಡ್ಡರು, ಕಲ್ಲುವಡ್ಡರು ಎಂಬ ಒಳಪಂಗಡಗಳ ಹೆಸರೇ ಅವರ ಕಸುಬನ್ನು ಹೇಳುತ್ತದೆ. ಅವರ ಮನೆಮಾತು ತೆಲುಗಿನ ಬಳಗದ್ದು. ಅದಕ್ಕೆ ತನ್ನದೇ ಲಿಪಿಯಿಲ್ಲ. ನೆಲ ಅಗೆಯುವವರಿಗೆ ನೆಲದೊಳಗಿನ ಜೀವಿಗಳು ನಿತ್ಯದ ಪರಿಚಯ. ಹೊಲದ ಇಲಿಗಳು ಅವರಿಗೆ ಆಹಾರವೂ ಆಗಿದ್ದವು. ಬೆಟ್ಟ ಅಗೆದು ಇಲಿ ಹಿಡಿದರು ಎಂಬುದು ಇತರರಿಗೆ ಗಾದೆ. ಯಾವ ಬಿಲದಲ್ಲಿ ಯಾವ ಇಲಿ, ಎಷ್ಟು ಆಳದಲ್ಲಿ, ಎಷ್ಟು ಕಾಳಿನೊಂದಿಗೆ ಎಂಬುದು ಅವರಿಗೆ ಬದುಕಿನ ಲೆಕ್ಕ.

ಲಂಡನ್ನಿಗೆ ಹೋದ ಹೆಸರುಗಳು

ಎಲಿಯಟ್ ಸಂಗ್ರಹದ ಮಾದರಿಗಳನ್ನು ಪರಿಶೀಲಿಸಿದ ಬ್ರಿಟಿಷ್ ಮ್ಯೂಸಿಯಂನ ಜಾನ್ ಎಡ್ವರ್ಡ್ ಗ್ರೇ ಅವರು 1837ರಲ್ಲಿ ಹಲವು ಹೊಸ ಪ್ರಭೇದಗಳನ್ನು ಹೆಸರಿಸಿದರು. ಹೊಸ ಗ್ರೀಕ್ ಪದಗಳನ್ನು ಕಟ್ಟುವ ಬದಲು ಮಾದರಿಯೊಂದಿಗೆ ಬಂದ ಊರಿನ ಹೆಸರುಗಳನ್ನೇ ಅವರು ಲ್ಯಾಟಿನ್ ರೂಪಕ್ಕೆ ತಿರುಗಿಸಿದರು.

ಗುಲಂದಿ: ಕನ್ನಡದ ಹೆಸರೆಂದು ಎಲಿಯಟ್ ದಾಖಲಿಸಿದ 'ಗುಲಂದಿ' ಗ್ರೇ ಅವರ ಕೈಯಲ್ಲಿ 'ಗೊಲುಂಡ' ಎಂಬ ಕುಲನಾಮವಾಯಿತು. ಸಂಗ್ರಾಹಕರ ಗೌರವಾರ್ಥ 'ಎಲಿಯಟಿ' ಎಂಬ ಪ್ರಭೇದನಾಮ ಸೇರಿ ಅದರ ಪೂರ್ಣ ಹೆಸರು ಗೊಲುಂಡ ಎಲಿಯಟಿ. ಪೊದೆಗಳ ಬುಡದಲ್ಲಿ ಹುಲ್ಲು, ನಾರುಗಳಿಂದ ಗುಂಡನೆಯ ಗೂಡು ಕಟ್ಟುವ ಈ ಇಲಿಯ ಮೂಲ ಮಾದರಿ ಧಾರವಾಡದ್ದು. ಈ ಕುಲದಲ್ಲಿ ಇಂದು ಬದುಕಿರುವುದು ಇದೊಂದೇ ಪ್ರಭೇದ. ಶ್ರೀಲಂಕಾದ ತೋಟಗಳಲ್ಲಿ ಕಾಫಿ ಮೊಗ್ಗು ಕಡಿದು ಕಾಡಿದ್ದರಿಂದ ಅದಕ್ಕೆ 'ಕಾಫಿ ಇಲಿ' ಎಂಬ ಅಡ್ಡಹೆಸರೂ ಬಿತ್ತು.

ಮೆಟ್ಟಡೆ: ವಡ್ಡರ ಭಾಷೆಯ ಈ ಹೆಸರು ಗ್ರೇ ಅವರ ಬರಹದಲ್ಲಿ 'ಮೆಲ್ಟಡಾ' ಎಂದು ಅಚ್ಚಾಯಿತು. ಒತ್ತಿದ ಎರಡು ಅಕ್ಷರಗಳಲ್ಲಿ ಒಂದು ಲಕಾರವಾಗಿ ಹೋಯಿತು. ಮೊದಲು ಪ್ರಕಟವಾದ ರೂಪಕ್ಕೆ ಮನ್ನಣೆ ಎಂಬುದು ಪ್ರಾಣಿನಾಮಗಳ ನಿಯಮವಾದ್ದರಿಂದ ಅದೇ ಉಳಿದಿದೆ. 1911ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಅವರ ಹೆಸರಿನಲ್ಲಿ ಹೊಸ ಕುಲ ರಚಿಸಿದ ನಂತರ ಈ ಇಲಿ ಮಿಲ್ಲರ್ಡಿಯಾ ಮೆಲ್ಟಡಾ ಎನಿಸಿಕೊಂಡಿದೆ. ರೋಮನ್ ಲಿಪಿಯಲ್ಲಿ ಟಕಾರ, ತಕಾರಗಳಿಗೆ ಒಂದೇ ಅಕ್ಷರ. ತೆಲುಗಿನಲ್ಲಿ 'ಮೆಟ್ಟ' ಎಂದರೆ ಮಳೆಯಾಶ್ರಿತ ಒಣಭೂಮಿ, 'ಮೆತ್ತ' ಎಂದರೆ ಮೃದು. ಪ್ರಾಣಿ ಒಣ ಹೊಲದ್ದೂ ಹೌದು, ಮೃದುವಾದ ತುಪ್ಪಳದ್ದೂ ಹೌದು. ಇಂಗ್ಲಿಷಿನಲ್ಲಿ ಅದನ್ನು ಮೆತ್ತನೆ ತುಪ್ಪಳದ ಹೊಲದಿಲಿ ಎಂದೇ ಕರೆಯುತ್ತಾರೆ.

ಕೊಕ್: ತೆಲುಗಿನ ಕೊಕ್ಕು ಪದದ ಒಡಹುಟ್ಟು. ಎಲಿಯಟ್ ಇದನ್ನು ಕನ್ನಡದ ಹೆಸರೆಂದೇ ಬರೆದುಕೊಂಡರು. ಗ್ರೇ ಅವರು 'ಮಸ್ ಕೊಕ್' ಎಂದು ಕರೆದ ಈ ಪ್ರಾಣಿಯನ್ನು ಇಂದು ಭಾರತದಾದ್ಯಂತ ಹರಡಿರುವ ಸಣ್ಣ ಹೆಗ್ಗಣದ ಪ್ರಭೇದದಲ್ಲಿ ಸೇರಿಸಲಾಗಿದೆ. ಅದರ ಕುಲನಾಮ 'ಬ್ಯಾಂಡಿಕೋಟ'. ಅಂದರೆ ಪಂದಿಕೊಕ್ಕು ಅಲ್ಲಿಯೂ ಹಾಜರು. ಸುಗ್ಗಿಯ ವೇಳೆಗೆ ಇದು ಜೋಳದ ತೆನೆಗಳನ್ನು ಇಡಿಯಾಗಿ ಬಿಲದ ಕೋಣೆಗಳಲ್ಲಿ ಒಪ್ಪವಾಗಿ ಜೋಡಿಸಿಡುತ್ತದೆ. ವಡ್ಡರು ಆ ಬಿಲಗಳನ್ನು ಅಗೆದು ಕಾಳನ್ನು ಮರಳಿ ಪಡೆಯುತ್ತಿದ್ದುದನ್ನು ಎಲಿಯಟ್ ವಿವರಿಸಿದ್ದಾರೆ.

ಕಲ್ಲಿಲಿ: ಒರಟು ಕೂದಲಿನ ಈ ಪುಟ್ಟ ಇಲಿಗೆ ಬೆನೆಟ್ 1832ರಲ್ಲಿಯೇ ಅಗಲ ಕೂದಲು ಎಂಬರ್ಥದ ಗ್ರೀಕ್ ಹೆಸರು 'ಪ್ಲಾಟಿಥ್ರಿಕ್ಸ್' ಕೊಟ್ಟಿದ್ದರು. ಕನ್ನಡದಲ್ಲಿ ಅದು ಕಲ್ಲಿಲಿ, ವಡ್ಡರ ನುಡಿಯಲ್ಲಿ ಲೆಗ್ಯಡೆ. ಕೆಂಪು ಗರಸು ನೆಲದ ದಿಬ್ಬದಲ್ಲಿ ಬಿಲ ತೋಡಿ, ಒಳಹೊಕ್ಕ ಮೇಲೆ ಬಾಯನ್ನು ಸಣ್ಣ ಹರಳುಗಳಿಂದ ಮುಚ್ಚಿಕೊಳ್ಳುವುದು ಇದರ ಸ್ವಭಾವ. ಒಳಗಿನ ಕೋಣೆಯಲ್ಲೂ ಹರಳುಗಳದೇ ಹಾಸು. ಮ್ಯೂಸಿಯಂನಲ್ಲಿ ಒಣಗಿದ ಚರ್ಮ ನೋಡಿದವರು ಕೂದಲಿನ ಹೆಸರಿಟ್ಟರು. ಬಿಲ ನೋಡಿದವರು ಕಲ್ಲಿನ ಹೆಸರಿಟ್ಟರು. ಲೆಗ್ಯಡೆಯಿಂದ ಗ್ರೇ ಕಟ್ಟಿದ 'ಲೆಗ್ಗಡ' ಎಂಬ ಕುಲ ಮುಂದೆ 'ಮಸ್' ಕುಲದಲ್ಲಿ ವಿಲೀನವಾದ್ದರಿಂದ ಆ ಹೆಸರು ಈಗ ಶಾಸ್ತ್ರಗ್ರಂಥಗಳ ಹಳೆಯ ಪುಟಗಳಲ್ಲಿ ಮಾತ್ರ ಉಳಿದಿದೆ.

ಮರದಿಲಿ: ಉದ್ದ ಬಾಲದ, ಮರ–ಪೊದೆಗಳ ಮೇಲೆಯೇ ಬಾಳುವ ಹಗುರ ಇಲಿ. ಶಾಸ್ತ್ರದಲ್ಲಿ ವ್ಯಾಂಡಲೂರಿಯಾ ಒಲೆರೇಸಿಯಾ. ಕನ್ನಡದ ಹೆಸರಿಗೆ ವಿವರಣೆಯೇ ಬೇಕಿಲ್ಲ.

1826ರ ಇಲಿಗಳ ಹಾವಳಿ

ಈ ಹೆಸರುಗಳ ಹಿಂದೆ ಎಂಥ ಬದುಕಿತ್ತು ಎಂಬುದನ್ನು ಮೆಟ್ಟಡೆಯ ಬಗ್ಗೆ ಎಲಿಯಟ್ ಬರೆದ ಟಿಪ್ಪಣಿ ತೋರಿಸುತ್ತದೆ. ಮೆಟ್ಟಡೆ ಆಳವಾದ ಬಿಲ ತೋಡುವ ಪ್ರಾಣಿಯಲ್ಲ. ಹೊಲದಲ್ಲಿ ಆಯ್ದು ಹಾಕಿದ ಕಲ್ಲಿನ ರಾಶಿ, ಕೊಕ್ ಬಿಟ್ಟುಹೋದ ಹಳೆಯ ಬಿಲ ಅಥವಾ ಬೇಸಿಗೆಯಲ್ಲಿ ಎರೆಭೂಮಿ ಬಿಟ್ಟ ಬಿರುಕುಗಳೇ ಅದರ ಆಸರೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕುಗಳು ಕೂಡಿಕೊಂ ಡಾಗ ಅವು ಅಪಾರ ಸಂಖ್ಯೆಯಲ್ಲಿ ಸಾಯುತ್ತವೆ. ಪ್ರತಿ ವರ್ಷ ಮಳೆಯೇ ಅವುಗಳ ಸಂಖ್ಯೆಯನ್ನು ಹದ್ದಿನಲ್ಲಿಡುತ್ತಿತ್ತು.

1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ, ಮೆಟ್ಟಡೆಗಳು ಸಾಯಲಿಲ್ಲ. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು. ಉಳಿದ ಪೈರು ಹಾಲುಗಾಳು ಕಟ್ಟಿದ ಮೇಲೆ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾಗದ ಸ್ಥಿತಿಗೆ ಬಂದರು. ರೈತರು ವಡ್ಡರನ್ನು ಕರೆಸಿದರು. ಇಂತಿಷ್ಟು ಡಜನ್ ಇಲಿಗಳಿಗೆ ಒಂದು ಅಳತೆ ಕಾಳು ಎಂಬುದು ಕೂಲಿ. ವಡ್ಡರು ಸಾವಿರಗಟ್ಟಲೆ ಇಲಿಗಳನ್ನು ಕೊಂದರೂ ಅವುಗಳ ಸಂಖ್ಯೆ ಕುಗ್ಗಿದಂತೆ ಕಾಣಲಿಲ್ಲ ಎಂದು ಎಲಿಯಟ್ ದಾಖಲಿಸಿದ್ದಾರೆ. ಅರ್ಧ ಶತಮಾನದ ನಂತರ, 1876–78ರ ಮಹಾಕ್ಷಾಮದ ಬೆನ್ನಿಗೇ, ದಖ್ಖಣದ ಹೊಲಗಳು ಮತ್ತೊಮ್ಮೆ ಇಂಥದೇ ಇಲಿಗಳ ಹಾವಳಿಗೆ ತುತ್ತಾದವು.

ಈ ಪ್ರಸಂಗದಲ್ಲಿ ಹೆಸರಿನ ಬೆಲೆ ಸ್ಪಷ್ಟವಾಗುತ್ತದೆ. ಮಳೆ ತಡವಾದರೆ ಹೆಚ್ಚುವುದು ಮೆಟ್ಟಡೆ. ಭಾರಿ ಮಳೆಗೆ ಬಿಲಕ್ಕೆ ನೀರು ನುಗ್ಗಿ ಕೂಡಿಟ್ಟ ಕಾಳು ಕಳೆದುಕೊಳ್ಳುವುದು ಕೊಕ್. ಒಂದು ಬಿರುಕಿನ ಪ್ರಾಣಿ, ಇನ್ನೊಂದು ಬಿಲದ ಪ್ರಾಣಿ. ಎರಡನ್ನೂ 'ಇಲಿ' ಎಂದುಬಿಟ್ಟರೆ ಈ ವ್ಯತ್ಯಾಸವನ್ನು ಹೇಳಲು ಮಾತೇ ಇರುವುದಿಲ್ಲ.

ಹೆಸರು ಹೋದ ಮೇಲೆ

ಇಂದು ಹೊಲದ ಇಲಿ ನಿಯಂತ್ರಣಕ್ಕೆ ಸಾಮಾನ್ಯವಾಗಿ ಸೂಚಿಸುವ ಕ್ರಮ ಹೀಗಿದೆ: ಮೊದಲ ದಿನ ಎಲ್ಲ ಬಿಲಗಳ ಬಾಯಿ ಮುಚ್ಚುವುದು, ಮರುದಿನ ತೆರೆದುಕೊಂಡ ಬಿಲಗಳನ್ನು ಗುರುತಿಸಿ ಅವುಗಳಲ್ಲಿ ಜಿಂಕ್ ಫಾಸ್ಫೈಡ್ ಅಥವಾ ಬ್ರೊಮಾಡಯೋಲೋನ್ ಬೆರೆಸಿದ ತಿನಿಸು ಇಡುವುದು. ಬಿಲದಲ್ಲಿ ನೆಲೆಸುವ ಸಣ್ಣ ಹೆಗ್ಗಣಕ್ಕೆ ಇದು ಒಗ್ಗುವ ಉಪಾಯ. ಬಿರುಕು, ಕಲ್ಲುರಾಶಿಗಳಲ್ಲಿ ಅಡಗುವ, ಪೊದೆಯಲ್ಲಿ ಗೂಡು ಕಟ್ಟುವ ಇಲಿಗಳಿಗೆ ಮುಚ್ಚಲು ಬಿಲದ ಬಾಯಿಯೇ ಇರುವುದಿಲ್ಲ. ಎಲ್ಲಕ್ಕೂ ಒಂದೇ ಮದ್ದು ಇಟ್ಟಾಗ ಬೆಳೆಗೆ ಹಾನಿ ಮಾಡದ ಜೀವಿಗಳೂ, ಸತ್ತ ಇಲಿಯನ್ನು ತಿಂದ ಗೂಬೆ, ಹಾವುಗಳೂ ಬಲಿಯಾಗುವ ಅಪಾಯವಿದೆ. ಇಲಿ ಹಿಡಿಯುವ ಕೆಲಸವನ್ನು ರೈತನಿಗಾಗಿ ಬಿಟ್ಟಿಯಾಗಿ ಮಾಡುವವು ಈ ಗೂಬೆ, ಕೇರೆಹಾವುಗಳೇ ಎಂಬುದು ಗಮನಾರ್ಹ.

ಕಾನೂನಿನ ಭಾಷೆಯೂ ಬಹುಕಾಲ ಈ ಭೇದವನ್ನು ಮಾಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಪೀಡಕ ಪ್ರಾಣಿಗಳ ಸಾಲಿನಲ್ಲಿ 'ಮೈಸ್' ಮತ್ತು 'ರ್‍ಯಾಟ್ಸ್' ಎಂಬ ಎರಡೇ ಪದಗಳಿದ್ದವು. ಕನ್ನಡಕ್ಕೆ ತಂದರೆ ಎರಡೂ ಇಲಿಗಳೇ. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನು ಕೈಬಿಡಲಾಯಿತು.

ದಕ್ಷಿಣ ಅಮೆರಿಕದಲ್ಲಿ ಹೆಸರುಗಳ ಗತಿ ಸ್ವಲ್ಪ ಭಿನ್ನವಾಗಿದೆ. ಬ್ರೆಜಿಲ್ ಕರಾವಳಿಯ ಹಳೆಯ ಟೂಪಿ ನುಡಿ ಆಡುಭಾಷೆಯಾಗಿ ಉಳಿದಿಲ್ಲ. ಆದರೂ ಅದು ಕೊಟ್ಟ ಪ್ರಾಣಿನಾಮಗಳನ್ನು ಪೋರ್ಚುಗೀಸ್ ಮಾತನಾಡುವ ಕೋಟ್ಯಂತರ ಜನರು ನಿತ್ಯ ಬಳಸುತ್ತಾರೆ. ನುಡಿ ಹೋದರೂ ಹೆಸರು ಉಳಿಯಿತು. ನಮ್ಮಲ್ಲಿ ಕನ್ನಡವೂ ಇದೆ, ವಡ್ಡರ ಮಾತೂ ಇದೆ. ಹೆಸರುಗಳು ಮಾತ್ರ ಶಾಸ್ತ್ರಗ್ರಂಥದಲ್ಲಿ ಭದ್ರವಾಗಿದ್ದು ಶಾಲೆಯ ಪಠ್ಯದಲ್ಲಾಗಲಿ ಕೃಷಿ ಕೈಪಿಡಿಯಲ್ಲಾಗಲಿ ಸುಲಭವಾಗಿ ಸಿಗುವುದಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ಕನ್ನಡದ್ದು. ಆ ಹೆಗ್ಗಣಕ್ಕೆ ಎಷ್ಟು ಬಗೆ, ಎಷ್ಟು ಹೆಸರು ಎಂಬುದನ್ನು ಬಲ್ಲವರು ಕೆರೆ ತೋಡಿದ, ಹೊಲ ಅಗೆದ ಜನ. ಎಲಿಯಟ್ ಅವರ ಪಟ್ಟಿಯಲ್ಲಿ ಈ ಹೆಸರುಗಳು ವ್ಯಕ್ತಿಗಳದಾಗಿ ಅಲ್ಲ, ಸಮುದಾಯದ ನುಡಿಯಾಗಿ ದಾಖಲಾಗಿವೆ. ಗೊಲುಂಡ ಎಲಿಯಟಿ ಎಂಬ ಜೋಡಿ ಹೆಸರಿನಲ್ಲಿ ಎರಡನೆಯದು ಅಧಿಕಾರಿಯದು. ಮೊದಲನೆಯದು ಈ ಸೀಮೆಯ ಹೊಲದ್ದು.

ಹೆಸರು ಮತ್ತು ಅರ್ಥ: ಒಂದು ನೋಟ

ಅಗೂಟಿ – ಟೂಪಿ ಮೂಲ. ಬೀಜ ಹೂತಿಡುವ ಕಾಡುಪ್ರಾಣಿ.

ಕಲ್ಲಿಲಿ – ಕನ್ನಡ; ಹರಳುಗಳಿಂದ ಬಿಲ ಮುಚ್ಚಿಕೊಳ್ಳುವ ಇಲಿ.

ಕುಯ್ – ಕೆಚುವಾ, ಕೂಗಿನ ಅನುಕರಣೆ, ಗಿನಿಪಿಗ್‌ನ ತವರಿನ ಹೆಸರು.

ಕೊಕ್ – ಕನ್ನಡ, ತೆಲುಗು, ಇಲಿ, ಸಣ್ಣ ಹೆಗ್ಗಣ.

ಕೊಯ್ಪು – ಮಾಪುಚೆ ನುಡಿ, ನೀರಿನಂಚಿನ ದಂಶಕ, ಸ್ಪ್ಯಾನಿಷ್ ಹೆಸರು ನ್ಯೂಟ್ರಿಯಾ.

ಕ್ಯಾಪಿಬಾರಾ – ಟೂಪಿ. ತೆಳು ಹುಲ್ಲು ತಿನ್ನುವಂಥದು.

ಗೊಲುಂಡ – ಕನ್ನಡದ ಗುಲಂದಿಯ ಲ್ಯಾಟಿನ್ ರೂಪ, ಪೊದೆಯಿಲಿ.

ಟುಕೋ-ಟುಕೋ – ನೆಲದೊಳಗಿನ ಕೂಗಿನ ಅನುಕರಣೆ.

ಡೇಗು – ಮಾಪುಚೆ ನುಡಿ. ಚಿಲಿ ದೇಶದ ಪುಟ್ಟ ದಂಶಕ.

ಬ್ಯಾಂಡಿಕೂಟ್ – ತೆಲುಗಿನ ಪಂದಿಕೊಕ್ಕು, ಹಂದಿಯಿಲಿ.

ಮೆಲ್ಟಡಾ – ವಡ್ಡರ ಭಾಷೆಯ ಮೆಟ್ಟಡೆ. ಮೆತ್ತನೆ ತುಪ್ಪಳದ ಹೊಲದಿಲಿ.

ವಿಸ್ಕಾಚಾ – ಕೆಚುವಾ. ಆಂಡಿಸ್ ಬಂಡೆಗಳ ನಡುವಿನ ದಂಶಕ.